ಮುದ್ದು ಬೇಡ, ಡಬ್ಬ ಮುಚ್ಚಿ

ವಾಟ್ಸಾಪ್‌ನಲ್ಲಿ ಆಗಾಗ ಒಂದು ವಿಡಿಯೋ ಬರುತ್ತದೆ. ಪ್ರತಿ ಸಲ ವಿಡಿಯೋ ಬೇರೆ, ವಿಷಯ ಮಾತ್ರ ಒಂದೇ. ಗಾಯವಾದ ಗೂಬೆಯನ್ನೋ ಹದ್ದನ್ನೋ ಯಾರೋ ಮಡಿಲಲ್ಲಿ ಇಟ್ಟುಕೊಂಡು ತಲೆ ಸವರುತ್ತಿರುತ್ತಾರೆ. ಅದು ಅಲುಗಾಡದೆ ಕೂತಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಹಿನ್ನೆಲೆಯಲ್ಲಿ ಕೊಳಲು. ಕೆಳಗೆ, ಮನುಷ್ಯರಿಗಿಂತ ಪ್ರಾಣಿಗಳಿಗೇ ಉಪಕಾರ ಸ್ಮರಣೆ ಜಾಸ್ತಿ ಅಂತ ಒಂದು ಸಾಲು. ಕಳಿಸಿದವರು ಒಳ್ಳೆಯವರೇ. ನನಗೆ ಇಂಥದ್ದೆಲ್ಲ ಇಷ್ಟ ಅಂತ ಗೊತ್ತಿದ್ದೇ ಪ್ರೀತಿಯಿಂದ ಕಳಿಸಿರುತ್ತಾರೆ. ನಾನೂ ಕೈಮುಗಿಯುವ ಚಿತ್ರವೊಂದನ್ನು ವಾಪಸ್ ಹಾಕಿ ಸುಮ್ಮನಾಗುತ್ತೇನೆ. ಆದರೆ ಒಳಗೊಳಗೇ ಕಿರಿಕಿರಿ. ಯಾಕಂದ್ರೆ ಆ ವಿಡಿಯೋದಲ್ಲಿ ನನಗೆ ಕಾಣುವುದು ಹೆದರಿ ಮರಗಟ್ಟಿ ಹೋದ ಒಂದು ಜೀವ.

ಗಾಯಗೊಂಡ ಕಾಡುಪ್ರಾಣಿ, ಹಕ್ಕಿಗಳನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ನಾನು ಬಿಡುವಿದ್ದಾಗ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಪಂಜರ ತೊಳೆಯುವುದು, ತೂಕ ಬರೆದುಕೊಳ್ಳುವುದು, ಟವೆಲ್ ಒಗೆಯುವುದು, ಫೋನ್ ಎತ್ತುವುದು, ಇಷ್ಟೇ. ಕಾಡುಪ್ರಾಣಿಗಳ ಜೊತೆ ಕೆಲಸ ಅಂದ ಕೂಡಲೇ ಜನ ಕಣ್ಣರಳಿಸುತ್ತಾರೆ. ನಿಜ ಹೇಳಬೇಕಂದ್ರೆ ದಿನದ ಮುಕ್ಕಾಲು ಪಾಲು ಹೊತ್ತು ಅವುಗಳ ಕಣ್ಣಿಗೆ ಬೀಳದ ಹಾಗೆ ಇರುವುದೇ ನಮ್ಮ ಕೆಲಸ.

ಒಂದು ಸಂಜೆ ಅಪ್ಪ ಮಗಳು ಒಂದು ಹದ್ದನ್ನು ತಂದರು. ಗಾಜಿನ ಪುಡಿ ಹಚ್ಚಿದ ಗಾಳಿಪಟದ ದಾರ ರೆಕ್ಕೆಗೆ ಸುತ್ತಿಕೊಂಡಿತ್ತು. ಡಬ್ಬ ಇತ್ತು, ಆದರೆ ಮುಚ್ಚಳ ತೆಗೆದಿಟ್ಟಿದ್ದರು, ಗಾಳಿ ಆಡಲಿ ಅಂತ. ದಾರಿಯುದ್ದಕ್ಕೂ ಮಗಳು ಅದರ ತಲೆ ಸವರಿಕೊಂಡು, ಸಮಾಧಾನದ ಮಾತು ಹೇಳಿಕೊಂಡು ಬಂದಿದ್ದಳು. 'ತುಂಬಾ ಪಾಪದ್ದು ಆಂಟಿ, ಒಂದು ಸಲಾನೂ ಕುಕ್ಕಲಿಲ್ಲ' ಅಂದಳು. ನಾನು ಡಬ್ಬದೊಳಗೆ ನೋಡಿದೆ. ಕೊಕ್ಕು ತೆರೆದಿತ್ತು. ನಾಲಿಗೆ ಪ್ರತಿ ಉಸಿರಿಗೂ ಮೇಲೆ ಕೆಳಗೆ ಆಡುತ್ತಿತ್ತು. ಮೈಯ ಗರಿಗಳೆಲ್ಲ ಒತ್ತಿ ಚರ್ಮಕ್ಕೆ ಅಂಟಿಕೊಂಡಿದ್ದವು, ಉಗುರುಗಳು ಟವೆಲ್‌ನೊಳಗೆ ನೆಟ್ಟಿದ್ದವು. ಅವಳ ಕೈ ಹತ್ತಿರ ಬಂದಾಗಲೆಲ್ಲ ಕಣ್ಣಿನ ಮೇಲೆ ಒಂದು ತೆಳು ಪೊರೆ ಸರಕ್ಕನೆ ಸರಿದು ವಾಪಸ್ ಹೋಗುತ್ತಿತ್ತು. ನಾನು ಏನೂ ಹೇಳದೆ ಮುಚ್ಚಳ ಹಾಕಿದೆ. ಹುಡುಗಿಯ ಮುಖ ಸಪ್ಪೆಯಾಯಿತು. ಕೈಯೊಳಗಿದ್ದ ಏನನ್ನೋ ಕಿತ್ತುಕೊಂಡ ಹಾಗೆ ಆಗಿರಬೇಕು ಅವಳಿಗೆ.

ಹದ್ದಿನ ಲೆಕ್ಕದಲ್ಲಿ ಯೋಚಿಸಿ ನೋಡಿ. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ, ಎರಡು ಕಣ್ಣೂ ಮುಖದ ಮುಂಭಾಗದಲ್ಲೇ ಇರುವ ಪ್ರಾಣಿಯೊಂದು ಹಿಡಿದಿದೆ. ಪದೇಪದೇ ತಲೆ ಮುಟ್ಟುತ್ತಿದೆ. ಸದ್ದು ಮಾಡುತ್ತಿದೆ. ಇನ್ನೂ ತಿಂದಿಲ್ಲ ಅಷ್ಟೆ. ಓಡಲು ಆಗುವುದಿಲ್ಲ, ಹೊಡೆದಾಡಲು ಶಕ್ತಿ ಇಲ್ಲ ಅಂದಾಗ ಬಹಳಷ್ಟು ಜೀವಿಗಳಿಗೆ ಉಳಿದಿರುವ ಕೊನೆಯ ಉಪಾಯ ಸತ್ತಂತೆ ಬಿದ್ದಿರುವುದು. ಕಾಯಿಲೆ ಬಿದ್ದಿದ್ದೇನೆ ಅಂತ ತೋರಿಸಿಕೊಂಡರೆ ಕಾಡಿನಲ್ಲಿ ಬೇರೆ ಯಾರದೋ ಊಟ ಆಗಬೇಕಾಗುತ್ತದೆ. ಹಾಗಾಗಿ ನೋವನ್ನು ಮುಚ್ಚಿಡುವುದು ಅವುಗಳ ರಕ್ತದಲ್ಲೇ ಇದೆ. ನಾವು ಅದನ್ನು ನೋಡಿ 'ಎಷ್ಟು ಸಾಧು' ಅನ್ನುತ್ತೇವೆ.

ಈ ಹೆದರಿಕೆ ಬರೀ ಮನಸ್ಸಿನದ್ದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ಕೊಲ್ಲುತ್ತದೆ. ಜಿಂಕೆ ಜಾತಿಯವುಗಳಲ್ಲಿ, ಉದ್ದ ಕಾಲಿನ ಹಕ್ಕಿಗಳಲ್ಲಿ ಇದು ಜಾಸ್ತಿ. ನಾಯಿಗಳು ಅಟ್ಟಿಸಿಕೊಂಡು ಬಂದ ಜಿಂಕೆಯನ್ನು ಜನ ಸೇರಿ ಹಿಡಿದು, ಕಾಲು ಕಟ್ಟಿ ತರುತ್ತಾರೆ. ಮೈಮೇಲೆ ಒಂದೆರಡು ತರಚು ಗಾಯ ಅಷ್ಟೆ. ಎಲ್ಲರೂ ಬದುಕಿತು ಅಂದುಕೊಳ್ಳುತ್ತಾರೆ. ಒಂದೆರಡು ದಿನ ಬಿಟ್ಟು ಅದು ಸತ್ತು ಬಿದ್ದಿರುತ್ತದೆ. ಡಾಕ್ಟರುಗಳು ಇದಕ್ಕೆ ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ವಿಪರೀತ ಓಟ, ಒದ್ದಾಟ, ಭಯ ಎಲ್ಲ ಸೇರಿ ಸ್ನಾಯುಗಳಲ್ಲಿ ಆಮ್ಲ ತುಂಬಿಕೊಳ್ಳುತ್ತದೆ, ಸ್ನಾಯು ಒಡೆಯುತ್ತದೆ, ಒಡೆದ ಸ್ನಾಯುವಿನ ಬಣ್ಣದ ಅಂಶ ರಕ್ತದಲ್ಲಿ ಹರಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಶುರುವಾದ ಮೇಲೆ ನಿಲ್ಲಿಸುವುದು ತುಂಬಾ ಕಷ್ಟ. ನಾಯಿಯಿಂದ ಬಿಡಿಸಿದವರು, ಸುತ್ತ ನಿಂತು ಫೋಟೋ ತೆಗೆದವರು, ನೀರು ಕುಡಿಸಲು ಹೋದವರು ಎಲ್ಲ ಒಳ್ಳೆಯದನ್ನೇ ಬಯಸಿದ್ದರು. ಜಿಂಕೆಗೆ ಮಾತ್ರ ನಾಯಿಗಳೂ ಇವರೂ ಒಂದೇ.

ಮೊದಲ ಒಂದು ಗಂಟೆ

ಫೋನ್ ಮಾಡಿದವರಿಗೆ ನಾವು ಹೇಳುವುದು ಬಹಳ ಬೇಸರದ ವಿಷಯ. ರಟ್ಟಿನ ಡಬ್ಬ ತಗೊಳ್ಳಿ. ಉಸಿರಾಡಲು ಒಂದಷ್ಟು ತೂತು ಮಾಡಿ. ಒಳಗೆ ಹಳೆ ಬಟ್ಟೆ ಹಾಸಿ. ಟವೆಲ್ ಹೊದಿಸಿ ಎತ್ತಿ ಒಳಗಿಡಿ, ಮುಚ್ಚಳ ಹಾಕಿ, ಕತ್ತಲೆ ಇರುವ, ಬೆಚ್ಚಗಿನ, ಸದ್ದಿಲ್ಲದ ಕೋಣೆಯಲ್ಲಿ ಇಡಿ. ಆಮೇಲೆ ತೆಗೆದು ನೋಡಬೇಡಿ. ಊಟ ಬೇಡ, ನೀರೂ ಬೇಡ. ಆ ಕಡೆಯಿಂದ ಒಂದು ಕ್ಷಣ ಮಾತೇ ಇರುವುದಿಲ್ಲ. 'ನೀರೂ ಬೇಡ್ವಾ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ ಧ್ವನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಬಾಯಾರಿದವರಿಗೆ ನೀರು ಕೊಡಬೇಡಿ ಅನ್ನುವವರು ಎಂಥ ಜನ ಅಂತ.

ಹಕ್ಕಿಯ ಬಾಯಿ ತೆರೆದು ನೋಡಿದರೆ ಕಾರಣ ಗೊತ್ತಾಗುತ್ತದೆ. ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ. ಅದು ತೆರೆದು ಮುಚ್ಚುತ್ತಿರುತ್ತದೆ. ಅದೇ ಶ್ವಾಸನಾಳದ ಬಾಯಿ. ನಾವು ಡ್ರಾಪರ್‌ನಲ್ಲಿ ಹನಿಸಿದ ನೀರು, ಮೊದಲೇ ಜ್ಞಾನ ತಪ್ಪಿದಂತಿರುವ ಹಕ್ಕಿಯಲ್ಲಿ, ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಇನ್ನೂ ಒಂದು ವಿಚಿತ್ರ ಇದೆ. ಬಹಳಷ್ಟು ಹಕ್ಕಿಗಳಲ್ಲಿ ಹೆಗಲಿಗೆ ಸೇರಿದ ರೆಕ್ಕೆಯ ಮೂಳೆ ಪೊಳ್ಳು, ಅದರೊಳಗಿನ ಗಾಳಿಗೂ ಉಸಿರಾಟದ ಚೀಲಗಳಿಗೂ ಸಂಪರ್ಕ ಇರುತ್ತದೆ. ಆ ಮೂಳೆ ಮುರಿದು ಚರ್ಮದಿಂದ ಹೊರಗೆ ಬಂದಿದ್ದರೆ, ಗಾಯ ತೊಳೆಯೋಣ ಅಂತ ನೀರು ಸುರಿದವರು ಹಕ್ಕಿಯನ್ನು ರೆಕ್ಕೆಯ ಕಡೆಯಿಂದ ಮುಳುಗಿಸಿದ ಹಾಗೆ ಆಗುತ್ತದೆ. ಇದನ್ನು ಮೊದಲು ಕೇಳಿದಾಗ ನಾನು ನಂಬಿರಲಿಲ್ಲ. ಎಕ್ಸ್‌ರೇ ಮುಂದೆ ನಿಲ್ಲಿಸಿ ತೋರಿಸಿದ ಮೇಲೆ ನಂಬಿದೆ.

ಹಸಿದಿದೆ ಅಂತ ತಿನ್ನಿಸುವುದೂ ಹಾಗೆಯೇ. ತಣ್ಣಗಾದ ಮೈಯಲ್ಲಿ ಹೊಟ್ಟೆ ಕೆಲಸ ಮಾಡುವುದಿಲ್ಲ. ತಿಂದದ್ದು ಒಳಗೇ ಕೊಳೆಯುತ್ತದೆ. ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ದ್ರವ, ಆಮೇಲೆ ಊಟ. ಬಹಳ ದಿನ ಉಪವಾಸ ಇದ್ದದ್ದಕ್ಕೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಅಳಿಲು ಮರಿಗೆ ಹಸುವಿನ ಹಾಲು ಕೊಟ್ಟರೆ ಭೇದಿ ಹತ್ತುತ್ತದೆ. ಹಕ್ಕಿಗಳಂತೂ ಹಾಲು ಕುಡಿಯುವ ಜೀವಿಗಳೇ ಅಲ್ಲ. ಬೆಕ್ಕು ಬಾಯಿ ಹಾಕಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ಆಂಟಿಬಯೋಟಿಕ್ ಬೇಕು, ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡಿ ರೋಗಾಣುಗಳನ್ನು ಆಳಕ್ಕೆ ಬಿಟ್ಟು ಬರುತ್ತದೆ. ಬಾವಲಿಯನ್ನಂತೂ ಬರಿಗೈಯಲ್ಲಿ ಮುಟ್ಟಲೇಬಾರದು. ಅದಕ್ಕೆ ಕಾರಣ ನಮ್ಮ ಜೀವ. ರೇಬೀಸ್ ಮತ್ತು ಅದರ ಸಂಬಂಧಿಕರು ಬಾವಲಿಗಳಲ್ಲಿ ಇರುತ್ತವೆ.

(ಇಷ್ಟೆಲ್ಲ ಹೇಳಿ ಫೋನ್ ಇಡುವಾಗ 'ಆಯ್ತು, ಸ್ವಲ್ಪ ಬ್ರೆಡ್ ಹಾಲಲ್ಲಿ ನೆನೆಸಿ ಕೊಡ್ಲಾ?' ಅಂತ ಕೇಳುವವರು ಇದ್ದಾರೆ. ಬೇಡ. ದಯವಿಟ್ಟು.)

ತಾಯಿ ಎಲ್ಲೂ ಹೋಗಿರುವುದಿಲ್ಲ

ಮರಿ ಹಾಕುವ ಕಾಲದಲ್ಲಿ ಬರುವ ಕರೆಗಳಲ್ಲಿ ಎಷ್ಟೋ ಕರೆಗಳಿಗೆ ನಮ್ಮ ಉತ್ತರ ಒಂದೇ: ಎಲ್ಲಿ ಸಿಕ್ಕಿತೋ ಅಲ್ಲೇ ಬಿಟ್ಟು ಬನ್ನಿ. ಗರಿ ಬಂದ, ಮೋಟು ಬಾಲದ, ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿ ಹಾರಲು ಕಲಿಯುತ್ತಿದೆ. ಗೂಡು ಬಿಟ್ಟು ಇಳಿಯುವುದು ಅದರ ಪಾಠದ ಒಂದು ಭಾಗ. ಅಪ್ಪ ಅಮ್ಮ ಹತ್ತಿರದ ಕೊಂಬೆಯಲ್ಲೇ ಇರುತ್ತವೆ. ನಾವು ದೂರ ಹೋಗಲಿ ಅಂತ ಕಾಯುತ್ತಿರುತ್ತವೆ. ನಾವು ಪಾಪ ಅಂತ ಅಲ್ಲೇ ನಿಂತಿರುತ್ತೇವೆ. ಜಿಂಕೆ ಮರಿಯನ್ನು ತಾಯಿ ಹುಲ್ಲಿನಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತದೆ, ಮೊಲವೂ ಹಾಗೇ. ಮರಿಗೆ ಮೈವಾಸನೆ ಕಡಿಮೆ, ಅಲುಗಾಡದೆ ಮಲಗಿದ್ದರೆ ಬೇಟೆಗಾರನ ಕಣ್ಣಿಗೆ ಬೀಳುವುದಿಲ್ಲ. ತಾಯಿ ಪಕ್ಕದಲ್ಲೇ ಕೂತಿದ್ದರೆ ಅಪಾಯ ಜಾಸ್ತಿ. ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲ ಅನ್ನುವ ಮಾತೂ ಸುಳ್ಳು. ಗರಿ ಬಾರದ ಮರಿ ಬಿದ್ದಿದ್ದರೆ ಎತ್ತಿ ಗೂಡಿಗೆ ಇಡಬಹುದು. ಗೂಡೇ ಹಾಳಾಗಿದ್ದರೆ ಸಣ್ಣ ಬುಟ್ಟಿಯೊಂದನ್ನು ಅದೇ ಮರಕ್ಕೆ ಕಟ್ಟಿ ಮರಿಯನ್ನು ಅದರಲ್ಲಿಟ್ಟು ದೂರ ಸರಿದರೆ ತಂದೆ ತಾಯಿ ಬಂದು ಗುಟುಕು ಕೊಡುವುದನ್ನು ನಾನೇ ನೋಡಿದ್ದೇನೆ.

ಒಂದು ಕಣಜಗೂಬೆ ಮರಿ ಬಂದದ್ದು ನೆನಪಿದೆ. ತಂದವರು ದಂಪತಿ, ಇಬ್ಬರೂ ವಯಸ್ಸಾದವರು. ಬಿದ್ದದ್ದನ್ನು ಎತ್ತಿ ತಂದು ಮನೆಯಲ್ಲೇ ಸಾಕಿದ್ದರು. ಮೂಳೆ ಚುಚ್ಚೀತು ಅಂತ ಮಾಂಸವನ್ನು ಬಿಡಿಸಿ, ಸಣ್ಣಗೆ ಕತ್ತರಿಸಿ, ಕೈಯಾರೆ ತಿನ್ನಿಸುತ್ತಿದ್ದರು. ರಾತ್ರಿ ಎದ್ದು ತಿನ್ನಿಸುತ್ತಿದ್ದರಂತೆ. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಲಿಯನ್ನು ಇಡಿಯಾಗಿ ನುಂಗಿ, ಕೂದಲು, ಉಳಿದ ಮೂಳೆಗಳನ್ನು ಉಂಡೆ ಕಟ್ಟಿ ಉಗುಳಬೇಕಾದ ಹಕ್ಕಿ ಅದು. ಎಕ್ಸ್‌ರೇಯಲ್ಲಿ ಮೂಳೆಗಳು ಬೆಳ್ಳಗೆ ಕಾಣಲೇ ಇಲ್ಲ, ಹೊಗೆಯ ಹಾಗೆ ಮಸುಕಾಗಿದ್ದವು. ಕಾಲಿನ ಮೂಳೆಗಳೆರಡೂ ಬಾಗಿದ್ದವು. ಆದರೆ ಅದು ನಮ್ಮ ಯಾರನ್ನೂ ನೋಡಿ ಹೆದರಲಿಲ್ಲ. ಆ ಅಮ್ಮನ ಧ್ವನಿ ಕೇಳಿದ ಕೂಡಲೇ ಬುಸುಗುಡುತ್ತಾ ಊಟ ಕೇಳಿತು. ಅವರು 'ನೋಡಿ, ನನ್ನ ಗುರುತು ಹಿಡಿಯುತ್ತೆ' ಅಂತ ನಕ್ಕರು. ಡಾಕ್ಟರ್ ಎಕ್ಸ್‌ರೇ ಹಾಳೆ ಹಿಡಿದುಕೊಂಡು ನಿಂತಿದ್ದರು, ತುಂಬ ಹೊತ್ತು ಮಾತಾಡಲಿಲ್ಲ. ಆ ದಂಪತಿಗೆ ಬೈಯಲು ಯಾರಿಗೂ ಮನಸ್ಸು ಬರಲಿಲ್ಲ, ಬೈಯುವಂಥ ಜನ ಅವರಲ್ಲ. ಅವರು ಕೊಟ್ಟಷ್ಟು ಹೊತ್ತನ್ನು, ಗಮನವನ್ನು ನಾವು ಒಂದು ಮರಿಗೆ ಕೊಡಲು ಸಾಧ್ಯವೇ ಇಲ್ಲ. ಅಷ್ಟು ಪ್ರೀತಿಯಲ್ಲಿ ಬೆಳೆದದ್ದಕ್ಕೇ ಅದು ಇನ್ನು ಕಾಡಿಗೆ ಹೋಗುವ ಹಾಗಿರಲಿಲ್ಲ.

ಕಾಲು ಸರಿಹೋಗಿದ್ದರೂ ಹೋಗುತ್ತಿರಲಿಲ್ಲವೇನೋ. ಕಣ್ಣು ಬಿಟ್ಟ ಹೊಸತರಲ್ಲಿ ಯಾರನ್ನು ನೋಡುತ್ತದೋ ತಾನೂ ಅದೇ ಜಾತಿ ಅಂತ ಮರಿ ತಿಳಿಯುತ್ತದೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕಾನ್ರಾಡ್ ಲಾರೆನ್ಜ್ ಹಿಂದೆ ಸಾಲಾಗಿ ನಡೆಯುವ ಹೆಬ್ಬಾತು ಮರಿಗಳ ಫೋಟೋ ಎಲ್ಲರೂ ನೋಡಿರುತ್ತೀರಿ. ನನಗೆ ಅದಕ್ಕಿಂತ ಟೆಕ್ಸ್ ಅನ್ನುವ ಕೊಕ್ಕರೆಯ ಕಥೆ ಜಾಸ್ತಿ ಕಾಡುತ್ತದೆ. ಅಮೆರಿಕದ ವೂಪಿಂಗ್ ಕ್ರೇನ್, 1941ರ ಹೊತ್ತಿಗೆ ಕೇವಲ 20 ಚಿಲ್ಲರೆ ಉಳಿದಿದ್ದ ಜಾತಿ. ಟೆಕ್ಸ್ ಮೃಗಾಲಯದಲ್ಲಿ ಮನುಷ್ಯರ ಕೈಯಲ್ಲಿ ಬೆಳೆದ ಹೆಣ್ಣು. ಗಂಡು ಕ್ರೇನ್‌ಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಗಂಡಸರನ್ನು ಕಂಡರೆ ಮಾತ್ರ ಕುಣಿಯುತ್ತಿತ್ತು. ಜಾರ್ಜ್ ಆರ್ಚಿಬಾಲ್ಡ್ ಅನ್ನುವ ಪಕ್ಷಿತಜ್ಞ ಮೊಟ್ಟೆ ಇಡಿಸುವುದಕ್ಕಾಗಿ ವರ್ಷ ವರ್ಷ ಅದರ ಜೊತೆ ಕೈ ಬೀಸಿಕೊಂಡು, ಜಿಗಿದುಕೊಂಡು ಕುಣಿದರು. ಕೃತಕ ಗರ್ಭಧಾರಣೆ ಮಾಡಿ, 1982ರಲ್ಲಿ ಅಂತೂ ಒಂದು ಮೊಟ್ಟೆ ಒಡೆದು ಮರಿ ಬಂತು. ಮುಂದೆ ಅದೇ ಜಾತಿಯ ಮರಿಗಳನ್ನು ಬೆಳೆಸುವವರು ತಲೆಯಿಂದ ಕಾಲವರೆಗೆ ಬಿಳಿ ನಿಲುವಂಗಿ ಹಾಕಿ, ಕೈಗೆ ಕ್ರೇನ್ ತಲೆಯ ಗೊಂಬೆ ತೊಟ್ಟು, ಒಂದು ಮಾತೂ ಆಡದೆ ಗುಟುಕು ಕೊಡತೊಡಗಿದರು. ತಿಂಗಳುಗಟ್ಟಲೆ ಮರಿ ಸಾಕಿ, ಅದಕ್ಕೆ ತಮ್ಮ ಮುಖವನ್ನೇ ತೋರಿಸದ ಆ ಜನರನ್ನು ನೆನೆಸಿಕೊಂಡಾಗ ನನಗೆ ಆ ಅಮ್ಮನೂ ನೆನಪಾಗುತ್ತಾರೆ.

ಹಾರಿದರೆ ಮುಗಿಯಿತಾ

ಆ ದಾರದ ಹದ್ದಿಗೆ ಮೂಳೆ ಮುರಿದಿರಲಿಲ್ಲ. ಹೆಗಲಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ತೆಳು ಚರ್ಮ ಹಿಗ್ಗಿಕೊಂಡಿರುತ್ತದೆ, ದಾರ ಅದನ್ನು ಕೊಯ್ದಿತ್ತು. ಕೇಳಲು ಸಣ್ಣ ಗಾಯ. ಆದರೆ ಗಾಳಿಯಲ್ಲಿ ಮೇಲೇಳುವುದು ಆ ಅಂಚಿನ ಆಕಾರದಿಂದ. ಹೊಲಿಗೆ ಹಾಕಿ ಒಣಗಿದ ಮೇಲೆ ಅದು ಬಿಗಿದುಕೊಂಡರೆ ರೆಕ್ಕೆ ಪೂರ್ತಿ ಬಿಚ್ಚುವುದೇ ಇಲ್ಲ. ಹಾಗಾಗಿ ಮಂಪರು ಕೊಟ್ಟು ರೆಕ್ಕೆಯನ್ನು ಮೆಲ್ಲಗೆ ಎಳೆದು ಬಿಡಿಸುವ ವ್ಯಾಯಾಮ ಮಾಡಿಸುತ್ತಾರೆ. ಮಂಪರು ಯಾಕೆ ಅಂದ್ರೆ ಎಚ್ಚರ ಇದ್ದರೆ ಹೆದರಿಕೆ, ಒದ್ದಾಟ, ಮತ್ತೆ ಗಾಯ. ಆಮೇಲೆ ದೊಡ್ಡ ಪಂಜರ. ಅಲ್ಲಿ ನಾವು ಮರೆಯಲ್ಲಿ ನಿಂತು ಒಂದು ತೂತಿನಿಂದ ನೋಡುತ್ತೇವೆ. ಎರಡೂ ರೆಕ್ಕೆ ಸಮ ಬಡಿಯುತ್ತಿದೆಯಾ, ಇಳಿಯುವಾಗ ಒಂದು ಕಡೆ ವಾಲುತ್ತಾ, ನಾಲ್ಕಾರು ಸುತ್ತಿಗೆ ಬಾಯಿ ತೆರೆದು ಉಸಿರು ಬಿಡುತ್ತಾ. ಗರಿ ಮುರಿದಿದ್ದರೆ ಇನ್ನೊಂದು ಹಕ್ಕಿ ಉದುರಿಸಿದ, ಅದೇ ಜಾಗದ ಗರಿಯನ್ನು ಅಳತೆ ನೋಡಿ, ಸಣ್ಣ ಬಿದಿರು ಕಡ್ಡಿಯನ್ನು ಒಳಗೆ ತೂರಿಸಿ ಅಂಟು ಹಾಕಿ ಕೂಡಿಸುವುದೂ ಉಂಟು. ಮುಂದಿನ ಸಲ ಗರಿ ಉದುರುವವರೆಗೆ ಎರವಲು ಗರಿಯಲ್ಲೇ ಹಾರುತ್ತದೆ. ಬೇಟೆಗಾರರು ಸಾಕಿದ ಡೇಗೆಗಳಿಗೆ ಮಾಡುತ್ತಿದ್ದ ಹಳೇ ಉಪಾಯ ಇದು. ಈ ಕೆಲಸದಲ್ಲಿ ನೋಡುತ್ತಾ ಕೂರಬೇಕು ಅನಿಸುವಂಥದ್ದು ಇದೊಂದೇ.

ಗೂಬೆ ಮರಿಯನ್ನು ನೋವಿಲ್ಲದೆ ಸಾಯಿಸಬೇಕಾಯಿತು. ಇದನ್ನು ಬರೆಯದೇ ಬಿಡಬಹುದಿತ್ತು. ಇಂಥ ಕೇಂದ್ರಗಳ ಬಗ್ಗೆ ಬರೆಯುವವರು ಇದನ್ನು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತಾರೆ. ಕೀಲಿನ ಹತ್ತಿರ ಮುರಿದ ರೆಕ್ಕೆ, ಬಾಗಿದ ಕಾಲು, ಬೆನ್ನುಹುರಿಯ ಪೆಟ್ಟು, ಇವು ಬಂದಾಗ ಮೊದಲ ದಿನವೇ ನಿರ್ಧಾರ ಮಾಡುವುದು ಒಳ್ಳೆಯದು. 'ಪಂಜರದಲ್ಲಾದರೂ ಬದುಕಲಿ' ಅನ್ನುವುದು ನಮಗೆ ಸಮಾಧಾನ ಕೊಡುವ ಮಾತು. ಮನುಷ್ಯರನ್ನು ಕಂಡರೆ ಪ್ರತಿ ಸಲವೂ ಸಾವು ಬಂತು ಅಂದುಕೊಳ್ಳುವ ಹಕ್ಕಿಗೆ, ದಿನಕ್ಕೆ ಎರಡು ಹೊತ್ತು ಮನುಷ್ಯರೇ ಊಟ ತರುವ ಪಂಜರದಲ್ಲಿ ವರ್ಷಗಟ್ಟಲೆ ಬದುಕು ಅಂದರೆ ಏನು ಅಂತ ಸ್ವಲ್ಪ ಯೋಚಿಸಬೇಕು. ನನ್ನ ಅಭಿಪ್ರಾಯ ಇದು. ಒಪ್ಪದವರು ಬೇಕಾದಷ್ಟು ಜನ ಇದ್ದಾರೆ, ಅವರ ಜೊತೆ ನಾನು ಜಗಳವನ್ನೂ ಆಡಿದ್ದೇನೆ.

ಇನ್ನು ಬಿಡುಗಡೆ. ಬಾಗಿಲು ತೆರೆದಾಗ ಹದ್ದು ಹೊರಟಿತು, ಸ್ವಲ್ಪ ದೂರದಲ್ಲಿ ಒಂದು ಮರದ ಮೇಲೆ ಕೂತಿತು, ಆಮೇಲೆ ಎಲೆಗಳ ಹಿಂದೆ ಸರಿದು ಕಾಣದಾಯಿತು. ಅಷ್ಟೆ. ಹಿಂತಿರುಗಿ ನೋಡಲಿಲ್ಲ, ನಮ್ಮ ತಲೆ ಮೇಲೆ ಸುತ್ತು ಹಾಕಲಿಲ್ಲ. ಅದು ಆಮೇಲೆ ಬದುಕಿತಾ? ಬಿಟ್ಟವುಗಳಲ್ಲಿ ಹೆಚ್ಚಿನವಕ್ಕೆ ಎಲ್ಲಿದೆ ಅಂತ ತಿಳಿಸುವ ರೇಡಿಯೋ ಇರುವುದಿಲ್ಲ, ಕಾಲಿಗೆ ಗುರುತಿನ ಬಳೆಯೂ ಇರುವುದಿಲ್ಲ. ಲೆಕ್ಕ ಇಟ್ಟ ಕಡೆ ಒಳ್ಳೆ ಸುದ್ದಿಯೂ ಸಿಕ್ಕಿದೆ. 2000ದ ಜೂನ್‌ನಲ್ಲಿ ಟ್ರೆಜರ್ ಅನ್ನುವ ಹಡಗು ಕೇಪ್‌ಟೌನ್ ಹತ್ತಿರ ಮುಳುಗಿದಾಗ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿಕೊಂಡಿತು. ಸಾವಿರಾರು ಸ್ವಯಂಸೇವಕರು ಒಂದೊಂದನ್ನೇ ತೊಳೆದರು, ಸುಮಾರು 90% ಬದುಕಿದವು. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಉಪಾಯ. ಇನ್ನೂ ಎಣ್ಣೆ ತಾಗದ 19,500ರಷ್ಟು ಪೆಂಗ್ವಿನ್‌ಗಳನ್ನು ಲಾರಿಯಲ್ಲಿ ದೂರದ ಪೋರ್ಟ್ ಎಲಿಜಬೆತ್‌ಗೆ ಸಾಗಿಸಿ ಸಮುದ್ರಕ್ಕೆ ಬಿಟ್ಟರು. ಅವು ನೂರಾರು ಕಿಲೋಮೀಟರ್ ಈಜಿಕೊಂಡು ಮನೆಗೆ ವಾಪಸ್ ಬರುವಷ್ಟರಲ್ಲಿ ಇತ್ತ ಎಣ್ಣೆ ತೆಗೆಯುವ ಕೆಲಸಕ್ಕೆ ಹೊತ್ತು ಸಿಕ್ಕಿತು. ಅಷ್ಟೊಂದು ಹಕ್ಕಿಗಳಿಗೆ ಚಿಕಿತ್ಸೆಯೇ ಬೇಕಾಗಲಿಲ್ಲ.

ಕೊನೆಯ ಕಾಲಂ

ಚಿಕಿತ್ಸೆ ಬೇಕಾಗದ ಹಾಗೆ ಮಾಡುವುದು. ಈಚೆಗೆ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದೇ. 1990ರ ದಶಕದಲ್ಲಿ ಭಾರತ ಉಪಖಂಡದ ರಣಹದ್ದುಗಳು ಸಾಯತೊಡಗಿದವು, ಕೆಲವು ಜಾತಿಗಳಲ್ಲಿ 95%ಕ್ಕಿಂತ ಹೆಚ್ಚು ಹೋದವು. ಆಗ ಜಗತ್ತಿನ ಎಲ್ಲ ಡಾಕ್ಟರುಗಳು ಬಂದು ಒಂದೊಂದು ರಣಹದ್ದಿಗೂ ಡ್ರಿಪ್ ಹಾಕಿದ್ದರೂ ಏನೂ ಆಗುತ್ತಿರಲಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸುತ್ತಿದೆ ಅಂತ 2004ರಲ್ಲಿ ಗೊತ್ತಾಯಿತು, 2006ರಲ್ಲಿ ಭಾರತ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಅದು ಗೊತ್ತಾದದ್ದು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ್ದರಿಂದ.

ನಮ್ಮಲ್ಲೂ ಒಂದು ರಿಜಿಸ್ಟರ್ ಇದೆ. ಜಾತಿ, ತೂಕ, ಸಿಕ್ಕಿದ ಜಾಗ, ಕಾರಣ. ಕಾರಣದ ಕಾಲಂ ಕೊನೆಯಲ್ಲಿದೆ, ಅವಸರದಲ್ಲಿ ಎಷ್ಟೋ ಸಲ ಖಾಲಿ ಬಿಟ್ಟಿರುತ್ತಾರೆ. ಒಂದು ಬಿಡುವಿನ ಮಧ್ಯಾಹ್ನ ಹಳೇ ಪುಟಗಳನ್ನು ತಿರುವುತ್ತಾ ಕೂತಾಗ ಒಂದೇ ಕಟ್ಟಡದ ಹೆಸರು ಮತ್ತೆ ಮತ್ತೆ ಸಿಕ್ಕಿತು. ಗಾಜಿನ ಕಟ್ಟಡ, ಎದುರಿಗೆ ಮರಗಳು. ಗಾಜಿನಲ್ಲಿ ಮರ, ಆಕಾಶ ಕಾಣುತ್ತದೆ, ಹಕ್ಕಿ ಅದರೊಳಗೇ ಹಾರಲು ಹೋಗುತ್ತದೆ. ಡಿಕ್ಕಿ ಹೊಡೆದು, ಸ್ವಲ್ಪ ಹೊತ್ತು ಬಿದ್ದಿದ್ದು, ಎದ್ದು ಹಾರಿ ಹೋದವುಗಳಲ್ಲೂ ಕೆಲವು ಆಮೇಲೆ ಮಿದುಳು ಊದಿಕೊಂಡು ಸಾಯುತ್ತವೆ, ಅವು ನಮ್ಮ ರಿಜಿಸ್ಟರ್‌ಗೆ ಬರುವುದೇ ಇಲ್ಲ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಹೀಗೆ ಸಾಯುತ್ತವೆ ಅಂತ 2014ರ ಒಂದು ಅಂದಾಜು. ಗಾಜಿನ ಮೇಲೆ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದರೆ ಸಾಲದು, ಹಕ್ಕಿ ಅದರ ಪಕ್ಕಕ್ಕೆ ಹೋಗಿ ಬಡಿಯುತ್ತದೆ. ಹೊರಮೈಯಲ್ಲಿ, ಇಡೀ ಗಾಜಿನ ತುಂಬ, 5 ಸೆಂಟಿಮೀಟರ್‌ಗೆ ಒಂದರಂತೆ ಚುಕ್ಕೆ ಇದ್ದರೆ ದಾರಿ ಇಲ್ಲ ಅಂತ ಅದಕ್ಕೆ ತಿಳಿಯುತ್ತದೆ.

ಹಕ್ಕಿಗೆ ನಮ್ಮಿಂದ ಬೇಕಾಗಿರುವುದು ಇಂಥ ಪ್ರೀತಿ ಇರಬೇಕು. ಯಾರು ಅಂಟಿಸಿದರು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ವಿಡಿಯೋ ಮಾಡಲು ಏನೂ ಇರುವುದಿಲ್ಲ. ರಿಜಿಸ್ಟರ್‌ನ ಫೋಟೋ ತೆಗೆದುಕೊಂಡು ಆ ಕಟ್ಟಡದ ಮ್ಯಾನೇಜರ್ ಹತ್ತಿರ ಹೋದೆವು. ಅವರು ಪುಟ ತಿರುಗಿಸಿ ನೋಡಿದರು, ತಮ್ಮಲ್ಲಿ ಹೀಗಾಗುತ್ತಿದೆ ಅಂತ ಗೊತ್ತೇ ಇರಲಿಲ್ಲ ಅಂದರು. ಬೆಳಗ್ಗೆ ಕಸ ಗುಡಿಸುವ ಹೆಂಗಸನ್ನು ಕರೆದು ಕೇಳಿದರೆ ಅವರಿಗೆ ಎಲ್ಲಾ ಗೊತ್ತಿತ್ತು, ಯಾವ ಮೂಲೆಯಲ್ಲಿ ಜಾಸ್ತಿ ಬೀಳುತ್ತವೆ ಅಂತಲೂ ತೋರಿಸಿದರು. ಸದ್ಯಕ್ಕೆ ಆ ಮೂಲೆಯ ಕೆಳಗಿನ ಎರಡು ಮಹಡಿಗೆ ಚುಕ್ಕೆ ಅಂಟಿಸಲು ಒಪ್ಪಿದ್ದಾರೆ. ಮೇಲಿನ ಮಹಡಿಗಳಿಗೆ ಹಾಕಿದರೆ ಕಟ್ಟಡದ ಅಂದ ಕೆಡುತ್ತದಂತೆ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇವೆ, ಈ ಸಲ ಆ ಗುಡಿಸುವವರನ್ನೂ ಮಾತಿಗೆ ಕೂರಿಸಿಕೊಳ್ಳಬೇಕು ಅಂತಿದೆ.